ಚುಕ್ಕಿಯ ಜೊತೆ ತಿರುಗುವ ಹಲಗೆ

ನನಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದಲೇ ಹಾಗಿದ್ದಿರಬೇಕು, ಆದರೆ ಅದು ಕಾಯಿಲೆ ಎಂದು ಗೊತ್ತಾದದ್ದು ಪಿಯುಸಿಗೆ ಬಂದ ಮೇಲೆ. ಅಲ್ಲಿಯವರೆಗೆ ಸಂಜೆಯ ನಂತರ ಎಲ್ಲರಿಗೂ ಹೀಗೇ ಇರುತ್ತದೆ, ಉಳಿದವರು ನನಗಿಂತ ಧೈರ್ಯವಂತರಾದ್ದರಿಂದ ಓಡಾಡುತ್ತಾರೆ ಎಂದುಕೊಂಡಿದ್ದೆ. ಮೈಸೂರಿನ ಕಣ್ಣಿನ ಡಾಕ್ಟರು ಕಣ್ಣಿನ ಹಿಂದಿನ ಪರದೆಯ ತೊಂದರೆ ಎಂದರು. ಹಗಲಲ್ಲಿ ನಡುವಿನ ನೋಟ ಚೆನ್ನಾಗಿದೆ, ಓದು ಬರಹಕ್ಕೆ ಅಡ್ಡಿಯಿಲ್ಲ, ಆದರೆ ಅಕ್ಕಪಕ್ಕದ ನೋಟ ವರ್ಷ ವರ್ಷವೂ ಒಂದಿಷ್ಟು ಕಿರಿದಾಗುತ್ತಾ ಹೋಗುತ್ತದೆ ಎಂದರು. ಎಷ್ಟು ಬೇಗ ಎಂದು ಕೇಳಿದ್ದಕ್ಕೆ ಹೇಳಲಾಗುವುದಿಲ್ಲ ಎಂದರು.

ಮದುವೆಗೆ ಮುಂಚೆ ಅವ್ವ ಇದನ್ನೆಲ್ಲ ಗಂಡಿನ ಮನೆಯವರಿಗೆ ಹೇಳಿದ್ದಳು. ಹೇಳಿದ್ದು ಗಂಡಿನ ತನಕ ಹೋಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಸಂಜೆ ಎಲ್ಲಿಗೆ ಹೋದರೂ ನಾನು ನಮ್ಮನೆಯವರ ಅಂಗಿಯ ತುದಿ ಹಿಡಿದುಕೊಂಡು ನಡೆಯುತ್ತಿದ್ದೆ. ತಿಂಗಳಾದ ಮೇಲೆ ವಿಷಯ ತಿಳಿದ ಅವರು, "ನಾನೆಲ್ಲೋ ಎಡ್ತಿಗೆ ನನ್ ಮ್ಯಾಲೆ ಬಾಳಾ ಪ್ರೀತಿ ಅಂದ್ಕಂಡಿದ್ದೆ" ಎಂದರು. ಅದೂ ಇತ್ತು ಎಂದು ಹೇಳಲು ನನಗೆ ಆಗ ನಾಚಿಕೆ.

ನಾನು ನಾಗಮಂಗಲದ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತೆ. ಅವರಿಗೆ ಅದೇ ಊರಿನಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಹೋಗುತ್ತಾರೆ. ಕೆಲವು ವರ್ಷದ ಹಿಂದೆ, ಜನವರಿಯಲ್ಲಿ, ಒಂದು ಸಂಜೆ ಊರಿಗೆ ಊರೇ ಕರೆಂಟು ಹೋಗಿತ್ತು. ಸೆಖೆ ಇರಲಿಲ್ಲ, ಆದರೂ ಕತ್ತಲ ಮನೆಯಲ್ಲಿ ಕೂರಲು ಬೇಸರವೆಂದು ಇಬ್ಬರೂ ಮಹಡಿಯ ಮೇಲೆ ಹೋಗಿ ಕುಳಿತೆವು.

"ಅಬ್ಬಬ್ಬಾ, ಏನ್ ಚುಕ್ಕಿ ಕಣೇ. ರಾಗಿ ಚೆಲ್ದಂಗವೆ" ಎಂದರು ಅವರು.

"ಎಷ್ಟವೆ?"

"ಎಣ್ಸಕ್ಕಾಯ್ತದಾ?" ಎಂದು ನಕ್ಕವರು ತಟ್ಟನೆ ನಿಲ್ಲಿಸಿದರು. "ನಿಂಗೆಷ್ಟು ಕಾಣ್ತವೆ?"

"ಒಂದೂ ಇಲ್ಲ."

"ಯಾವತ್ತೂ?"

"ಚಂದ್ರ ಕಾಣ್ತಾನೆ. ಬೆಳ್ಳಿಚುಕ್ಕಿ ಒಂದೆರಡು ಸಲ ಕಂಡಂಗಾಯ್ತು, ಅದೂ ಅವ್ವ ಬೆಟ್ಟು ಮಾಡಿ ತೋರ್ಸಿದ್ಮೇಲೆ."

ನನಗದು ದೊಡ್ಡ ದುಃಖವೇನೂ ಆಗಿರಲಿಲ್ಲ. ಕಾಣದ ವಸ್ತುವಿನ ಬಗ್ಗೆ ಎಷ್ಟೆಂದು ದುಃಖಪಡುವುದು? ಆದರೆ ಅವರು ಎದ್ದು ಕೆಳಗೆ ಹೋದ ಸದ್ದಾಯಿತು. ಮತ್ತೆ ಮೇಲೆ ಬಂದು ಸ್ಟ್ಯಾಂಡಿನ ಕಾಲು ಬಿಡಿಸಿದ ಸದ್ದು, ಕ್ಯಾಮರಾ ಕೂರಿಸಿದ ಸದ್ದು. ಮಾರನೆಯ ಬೆಳಿಗ್ಗೆ ನಾನು ಕಛೇರಿಗೆ ಹೊರಡುವ ಮುಂಚೆ ಕಂಪ್ಯೂಟರಿನ ಮುಂದೆ ಕೂರಿಸಿದರು. ಕಪ್ಪು ಪರದೆಯ ತುಂಬ ಬೆಳ್ಳಗಿನ ಸಣ್ಣ ಸಣ್ಣ ಗೀಟುಗಳು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡಿದ್ದವು.

"ಚುಕ್ಕಿ ಅಂದ್ರೆ ಇಂಗಾ ಇರೋದು? ಗೀಟು ಗೀಟು?"

ಅವರ ಮುಖ ಸಣ್ಣಗಾಯಿತು. "ಇಲ್ಲ ಕಣೇ, ಅವು ಚುಕ್ಕೀನೇಯ. ಅರ್ಧ ನಿಮಿಷ ಕ್ಯಾಮರಾ ಬಾಯಿ ತಕ್ಕಂಡಿತ್ತಲ್ಲ, ಅಷ್ಟರಲ್ಲಿ ಭೂಮಿ ಒಂಚೂರು ತಿರುಗ್ಬುಡ್ತದೆ. ಅದುಕ್ಕೆ ಎಳ್ದಂಗಾಗದೆ."

ಐದು ಸೆಕೆಂಡಿನದೂ ಒಂದು ತೆಗೆದಿದ್ದರು. ಅದರಲ್ಲಿ ಚುಕ್ಕಿಗಳು ಚುಕ್ಕಿಯಾಗಿಯೇ ಇದ್ದವು. ಆದರೆ ಬರೀ ಹತ್ತಾರು, ಅವುಗಳ ಸುತ್ತ ಮರಳು ಎರಚಿದ ಹಾಗೆ ಕಲೆ. ರಾಗಿ ಚೆಲ್ಲಿದ ಹಾಗೆ ಇರಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಆಕಾಶದ ಹಿಂದೆ ತಿರುಗುವ ಯಂತ್ರದ ಮಾತು ಶುರುವಾಯಿತು.

ಆ ಯಂತ್ರಕ್ಕೆ ಟ್ರ್ಯಾಕರು ಅನ್ನುತ್ತಾರೆ. ಅದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಗುರಿಯಿಟ್ಟು ಮೇಲೆ ಕ್ಯಾಮರಾ ಕೂರಿಸಿದರೆ, ಭೂಮಿ ತಿರುಗುವ ವೇಗದಲ್ಲೇ ಅದು ಕ್ಯಾಮರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಗುತ್ತದೆ. ಕ್ಯಾಮರಾದ ಪಾಲಿಗೆ ಆಕಾಶ ನಿಂತುಬಿಡುತ್ತದೆ. ಇಷ್ಟನ್ನು ಓದಿ ತಿಳಿದುಕೊಂಡವಳು ನಾನು. ಉದ್ದುದ್ದ ಬರಹ ಓದುವ ತಾಳ್ಮೆ ನಮ್ಮನೆಯವರಿಗಿಲ್ಲ. ಅವರು ಚಿತ್ರ ನೋಡಿ ಆರಿಸುವವರು. ಅವರು ಆರಿಸಿದ್ದು ಕಬ್ಬಿಣದ ಕಂಬದಂಥ ಕಾಲು, ಹಿಂದೆ ತೂಕದ ಬಿಲ್ಲೆ, ಕೈಯಲ್ಲಿ ಹಿಡಿಯುವ ರಿಮೋಟು, ಎಲ್ಲ ಇದ್ದ ಒಂದು ದೈತ್ಯನನ್ನು. ಎರಡು ಸೀಮೆಹಸು ಬರುವಷ್ಟು ಬೆಲೆ.

ನಾನು ಬೆಲೆಯ ಮಾತೆತ್ತಲಿಲ್ಲ. "ಇದರ ತೂಕ ಎಷ್ಟು ಗೊತ್ತಾ? ಜೊತೆಗೆ ಕಾರಿನ ಬ್ಯಾಟ್ರಿ ಬೇರೆ ಬೇಕು. ಊರಿಂದಾಚೆ ಕತ್ಲೆ ಇರೋ ಕಡೆ ಓಗ್ಬೇಕು. ಗಾಡಿ ಹಿಂದುಗಡೆ ಅದನ್ನ ಕೂರ್ಸ್ಕತೀರೋ, ನನ್ನ ಕೂರ್ಸ್ಕತೀರೋ?" ಎಂದೆ.

ನಮ್ಮದು ಬೈಕು. ಅವರು ಸ್ವಲ್ಪ ಹೊತ್ತು ನಿಜವಾಗಿಯೇ ಯೋಚಿಸಿದರು. ಆಮೇಲೆ, "ನೀನಿಲ್ದೆ ಓಗಿ ಯಾರ್ಗೆ ತೋರ್ಸನ?" ಎಂದರು. ದೈತ್ಯನ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಅಂಗೈಯಗಲದ ಸಣ್ಣ ಟ್ರ್ಯಾಕರುಗಳು. ಒಂದೊಂದೂ ಇಷ್ಟು ತೂಕ ಹೊರುತ್ತದೆ ಎಂದು ಬರೆದಿರುತ್ತದೆ. ಬಳಸಿದವರು ಹೇಳುವುದು, ಬರೆದದ್ದರ ಅರ್ಧವನ್ನಷ್ಟೇ ನಂಬಿ ಎಂದು. ನಮ್ಮ ಕ್ಯಾಮರಾ ಎಷ್ಟು ತೂಗುತ್ತದೆ? ಎದುರಿನ ದಿನಸಿ ಅಂಗಡಿಗೆ ತೆಗೆದುಕೊಂಡು ಹೋಗಿ ತಕ್ಕಡಿಯ ಮೇಲಿಟ್ಟೆವು. ಅಂಗಡಿಯವನು, "ಏನಣ್ಣೋ, ಕ್ಯಾಮರಾನ ಕೇಜಿ ಲೆಕ್ಕದಾಗೆ ಮಾರಕ್ಕೊಂಟ್ಯಾ?" ಎಂದು ಕೇಳಿದ. ದೊಡ್ಡ ಲೆನ್ಸು ಹಾಕಿದರೆ ಎರಡೂವರೆ ಕೇಜಿ. ಗಿಡ್ಡ ಲೆನ್ಸಿಗೆ ಒಂದು ಕೇಜಿ ಸುಮಾರು. ಆ ದೊಡ್ಡ ಲೆನ್ಸು ನಮ್ಮನೆಯವರ ಜಂಭದ ವಸ್ತು. ಅದನ್ನು ಕಂಡೇ ಕಲ್ಯಾಣಮಂಟಪದಲ್ಲಿ ಜನ ದಾರಿ ಬಿಡುತ್ತಾರೆ. "ಚುಕ್ಕಿಗೆ ಅದು ಬ್ಯಾಡ. ಚುಕ್ಕಿ ಯಾರ್ಗೂ ದಾರಿ ಬುಡಲ್ಲ" ಎಂದೆ. ಒಪ್ಪಿದರು.

ಸಣ್ಣದೂ ಅಗ್ಗವಾಗಿರಲಿಲ್ಲ. ಇದು ನಮ್ಮ ಕೈಗೆ ಹತ್ತುವ ಕೆಲಸವೋ ಅಲ್ಲವೋ ನೋಡೋಣವೆಂದು, ಓದುವಾಗ ಸಿಕ್ಕಿದ್ದ ಇನ್ನೊಂದು ದಾರಿ ಹಿಡಿದೆವು. ಎರಡು ಹಲಗೆ, ನಡುವೆ ಒಂದು ಬಾಗಿಲ ಕೀಲು. ಪುಸ್ತಕದ ಹಾಗೆ ತೆರೆಯಬೇಕು. ಕೀಲಿನಿಂದ ಗೊತ್ತಾದ ದೂರದಲ್ಲಿ ಕೆಳಗಿನಿಂದ ಒಂದು ಉದ್ದನೆಯ ಬೋಲ್ಟು. ಕೀಲನ್ನು ಧ್ರುವದ ಕಡೆಗಿಟ್ಟು ಬೋಲ್ಟನ್ನು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ, ಅದರ ಮೇಲೆ ಕೂರಿಸಿದ ಕ್ಯಾಮರಾ ಸಮೇತ, ಆಕಾಶದ ವೇಗದಲ್ಲಿ ಏಳುತ್ತದೆ. ಬಡಗಿಯ ಹತ್ತಿರ ಅಳತೆ ಕೊಟ್ಟೆ. ಇಪ್ಪತ್ತಮೂರು ಸೆಂಟಿಮೀಟರಿಗೆ ಒಂದೂವರೆ ಮಿಲಿಮೀಟರು ಕಮ್ಮಿ.

"ಒಂದೂವರೆ ಮಿಲಿಮೀಟ್ರಾ? ನಾನು ಬಾಗ್ಲು ಮಾಡೋನು ಕಣಕ್ಕ, ಮೂಗುಬೊಟ್ಟು ಮಾಡೋನಲ್ಲ" ಎಂದ ಅವನು. ಅಂದರೂ ಪೆನ್ಸಿಲನ್ನು ಎರಡು ಸಲ ಚೂಪು ಮಾಡಿ ಗುರುತು ಹಾಕಿದ. ಬೋಲ್ಟಿನ ತಲೆಗೆ ಒಂದು ದುಂಡು ಬಿಲ್ಲೆ ಹಾಕಿಸಿ, ಅದರ ಅಂಚಿನಲ್ಲಿ ನಾಲ್ಕು ಕಚ್ಚು ಮಾಡಿಸಿಕೊಂಡೆ. ಬೆರಳಿಗೆ ಸಿಗಲಿ ಎಂದು.

ಇನ್ನು ಜಾಗ. ನಮ್ಮ ಮಹಡಿಯಿಂದ ಧ್ರುವ ಕಾಣುವುದಿಲ್ಲ. ಈ ಸೀಮೆಯಲ್ಲಿ ಅದು ತೀರಾ ಕೆಳಗಿರುತ್ತದೆ. ಕೈ ನೀಟಾಗಿ ಚಾಚಿ ಮುಷ್ಟಿ ಕಟ್ಟಿದರೆ ನೆಲದಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು, ಅಷ್ಟೇ ಎತ್ತರ. ಒಂದು ತೆಂಗಿನ ಮರ ಅಡ್ಡ ಬಂದರೂ ಮುಗಿಯಿತು. ಕಿಕ್ಕೇರಿ ಹತ್ತಿರ ನಮ್ಮವ್ವನ ಊರಿನಲ್ಲಿ ಹೊಲದ ಬಡಗಲಿಗೆ, ಧ್ರುವದ ದಿಕ್ಕಿಗೇ, ಕೆರೆಯಿದೆ. ನೀರಿನ ಮೇಲೆ ಮರ ಇಲ್ಲ, ದೀಪ ಇಲ್ಲ. ಫೆಬ್ರುವರಿಯ ಅಮಾವಾಸ್ಯೆಯ ಹತ್ತಿರದ ಒಂದು ಶನಿವಾರ ಅಲ್ಲಿಗೆ ಹೋದೆವು.

ಬೆಳಕಿರುವಾಗಲೇ ನಾನು ನನ್ನ ಜಾಗದಲ್ಲಿ ಕೂತೆ. ಕತ್ತಲಾಗುವ ಮುಂಚೆ ಎಲ್ಲೆಲ್ಲಿ ಏನೇನಿದೆ ಎಂದು ಗೊತ್ತು ಮಾಡಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಅವ್ವ ಚಾಪೆ ಹಾಸಿ ತಾನೂ ಪಕ್ಕದಲ್ಲಿ ಕೂತಳು. ಮೊದಲು ಬಿಲ್ಲೆ ತಿರುಗಿಸಲು ನಮ್ಮನೆಯವರೇ ಕೂತರು. ಹದಿನೈದು ಸೆಕೆಂಡಿಗೆ ಕಾಲು ಸುತ್ತು. ಆದರೆ ಅವರ ಕಣ್ಣು ಮೇಲೆ ಹೋಗುತ್ತಿತ್ತು, ಎಣಿಕೆ ತಪ್ಪುತ್ತಿತ್ತು.

"ಹದಿನೈದಾಯ್ತಾ?"

"ಇಪ್ಪತ್ತಾಗಿರ್ಬೇಕು" ಎಂದೆ. "ಕೊಡಿ ಇಲ್ಲಿ."

ಕತ್ತಲಲ್ಲಿ ಎಣಿಸುವುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅವ್ವನ ಮನೆಯ ನಡುಮನೆಯಿಂದ ಹಿತ್ತಿಲ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಬಾಗಿಲಿನಿಂದ ಬಚ್ಚಲಿಗೆ ಒಂಬತ್ತು. ಹುಡುಗಿಯಾಗಿದ್ದಾಗಿನಿಂದ ಎಣಿಸುತ್ತಲೇ ಬದುಕಿದವಳು. ಅವ್ವನ ಮನೆಯ ಗೋಡೆ ಗಡಿಯಾರ ತರಿಸಿ ಮಡಿಲಲ್ಲಿ ಇಟ್ಟುಕೊಂಡೆ. ಅದರ ಟಿಕ್ ಟಿಕ್ ಕಿವಿಗೆ, ಬಿಲ್ಲೆಯ ಕಚ್ಚು ಬೆರಳಿಗೆ. ಜರ್ಕು ಹೊಡೆಯದ ಹಾಗೆ ಒಂದೊಂದು ಟಿಕ್ಕಿಗೂ ಒಂದೊಂದು ಎಳೆಯಷ್ಟು ತಿರುಗಿಸುತ್ತಾ ಹೋದೆ.

"ಮನೆ ಗಡಿಯಾರ್ವ ಹೊಲಕ್ಕೆ ತಂದವ್ರ ಎಲ್ಲಾರ ಕಂಡಿದ್ದೀರಾ?" ಎಂದಳು ಅವ್ವ.

"ಮಾತಾಡ್ಬ್ಯಾಡ ಸುಮ್ಕಿರವ್ವ, ಎಣಿಕೆ ತಪ್ತದೆ."

ಇಬ್ಬರೂ ಬಾಯಿ ಮುಚ್ಚಿಕೊಂಡರು. ಕೆರೆಯ ಕಡೆಯಿಂದ ಕಪ್ಪೆಯ ದನಿ ಬರುತ್ತಿತ್ತು. ಚಳಿ ಏರಿತು. ನನ್ನ ಬೆನ್ನ ಮೇಲೆ ಒಂದು ಶಾಲು ಇಳಿಯಿತು. ಹಲಗೆ ಅಲುಗದಿರಲಿ ಎಂದು, ಅವರ ಬೆರಳು ನನಗೆ ತಾಗದಷ್ಟು ಮೆಲ್ಲಗೆ. ಎರಡು ನಿಮಿಷವಾಯಿತು. ಕ್ಯಾಮರಾ ಕಟ್ ಎಂದಿತು.

ಅವರು ಅದನ್ನು ಹಲಗೆಯಿಂದ ಬಿಚ್ಚಿ ನನ್ನ ಮುಖದ ಹತ್ತಿರ ತಂದರು. ಬೆಳಕಿರುವ ಪರದೆ ನನಗೆ ಕತ್ತಲಲ್ಲೂ ಕಾಣುತ್ತದೆ. ಅಂಗೈಗಿಂತ ಸಣ್ಣ ಪರದೆ. ಅದರೊಳಗೆ ಗೀಟಿಲ್ಲ. ಸಾಲಾಗಿ ಮೂರು ಚುಕ್ಕಿ, ಸೂಜಿಯಿಂದ ಚುಚ್ಚಿದ ಹಾಗೆ. "ಇದು ಮೃಗಶಿರದ ಬೇಟೆಗಾರ, ಈ ಮೂರು ಅವ್ನ ಸೊಂಟದ ಪಟ್ಟಿ" ಎಂದರು ಅವರು. ಸಾಲಿನ ಕೆಳಗೆ, ಕುಂಕುಮದ ಕೈ ತಾಗಿದ ಹಾಗೆ, ತೆಳುವಾಗಿ ಒಂದು ಕೆಂಪು ಮಬ್ಬು. ಸುತ್ತಲೂ, ಎಣಿಸಲಾಗದಷ್ಟು, ಅವರು ಮಹಡಿಯ ಮೇಲೆ ಹೇಳಿದ ರಾಗಿ.

ನಾನು ತಲೆಯೆತ್ತಿ ಮೇಲೆ ನೋಡಿದೆ. ಏನೂ ಇರಲಿಲ್ಲ. ಮತ್ತೆ ಪರದೆ ನೋಡಿದೆ. ಇವೆಲ್ಲ ಇಷ್ಟು ವರ್ಷ ನನ್ನ ತಲೆಯ ಮೇಲೆಯೇ ಇದ್ದವು.

"ಕಾಣ್ತಾ ಮಗಾ?" ಅವ್ವ ಕೇಳಿದಳು.

"ಕಾಣ್ತು ಕಣವ್ವ."

ಅವ್ವ ನನ್ನ ಹತ್ತಿರ ಸರಿದಳು. ಆಮೇಲೆ ಸಣ್ಣ ದನಿಯಲ್ಲಿ, "ಒಂದಿನ ಮುಚ್ಚಂಜೇಲಿ ಹಾಲಿನ್ ಚೊಂಬು ಎಡವಿ ಚೆಲ್ಬುಟ್ಟೆ ಅಂತ ನಿನ್ನ ಬಾರ್ಸಿದ್ದೆ ಕಣ್ಮಗಾ. ನೋಡ್ಕಂಡ್ ನಡಿಯಕ್ಕಾಗಲ್ವಾ ಅಂತ ಬೈದಿದ್ದೆ. ನಂಗೆ ಗೊತ್ತಿರ್ನಿಲ್ಲ" ಎಂದಳು.

"ನಂಗೆ ಗ್ಯಾಪ್ಕಾನೇ ಇಲ್ಲ, ಬುಡವ್ವ" ಎಂದೆ.

ಜ್ಞಾಪಕವಿತ್ತು. ಚೊಂಬು ಉರುಳಿಕೊಂಡು ಹೋದ ಸದ್ದು ಈಗಲೂ ಜ್ಞಾಪಕವಿದೆ. ಆದರೆ ಅವಳಿಗೂ ಅದು ಇಷ್ಟು ವರ್ಷ ಜ್ಞಾಪಕವಿತ್ತು ಎಂದು ಗೊತ್ತಾದದ್ದು ಆ ಸಂಜೆ. ಅವಳ ಕೈ ಹುಡುಕಿ ಹಿಡಿದುಕೊಂಡೆ. ತಣ್ಣಗಿತ್ತು.

ಆ ಬೇಸಗೆಯಲ್ಲಿ ನಾಲ್ಕೈದು ಸಲ ಹೋದೆವು. ಹತ್ತು ಚಿತ್ರ ತೆಗೆದರೆ ನಾಲ್ಕು ನೆಟ್ಟಗೆ ಬರುತ್ತಿದ್ದವು. ಇಬ್ಬನಿಗೆ ಹಲಗೆ ಉಬ್ಬಿ ಕೀಲು ಸಡಿಲವಾಯಿತು. ಎರಡು ನಿಮಿಷ ದಾಟಿದರೆ ಚುಕ್ಕಿಗೆ ಬಾಲ ಬರಲು ಶುರು. ನನ್ನ ಕತ್ತು ಹಿಡಿದುಕೊಳ್ಳುತ್ತಿತ್ತು. "ಎಷ್ಟ್ ದಿನಾಂತ ನೀನು ಕೂತ್ಕಂಡು ತಿರುಗ್ಸೀಯ? ಮೋಟ್ರುದೇ ತಗಳನ" ಎಂದರು ಅವರು. ಎಷ್ಟು ದಿನ ಬೇಕಾದರೂ ಕೂರುತ್ತೇನೆ ಎಂಬ ಮಾತು ಬಾಯಿಗೆ ಬಂದಿತ್ತು, ಹೇಳಲಿಲ್ಲ.

ಪಾಂಡವಪುರದಲ್ಲಿ ಸ್ಟುಡಿಯೋ ಇಟ್ಟಿರುವ ಅವರ ಸ್ನೇಹಿತರೊಬ್ಬರ ಮೂಲಕ ಒಂದು ಸುದ್ದಿ ಬಂತು. ಶ್ರೀರಂಗಪಟ್ಟಣದಲ್ಲಿ ನಿವೃತ್ತ ಲೆಕ್ಚರರ್ ಒಬ್ಬರು ತಮ್ಮ ಸಣ್ಣ ಟ್ರ್ಯಾಕರನ್ನು ಕಮ್ಮಿ ಬೆಲೆಗೆ ಕೊಡುತ್ತಾರಂತೆ. ಒಂದು ಭಾನುವಾರ ಬಸ್ಸು ಹತ್ತಿದೆವು. ಕೋಟೆಯೊಳಗೆ ಹಳೆಯ ಮನೆ. ಲೆಕ್ಚರರು ಅದನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದು ಜಗುಲಿಯ ಮೇಲಿಟ್ಟರು.

"ಮೊದಲು ಇದರ ಕುಂದು ಹೇಳಿಬಿಡ್ತೀನಿ" ಎಂದರು. "ಧ್ರುವ ನೋಡೋ ಕೊಳವೆಯ ಒಳಗಿನ ದೀಪ ಕೆಟ್ಟಿದೆ. ಕ್ಯಾಮರಾ ಕೂರಿಸೋ ಹಿಡಿ ಸ್ವಲ್ಪ ಸಡಿಲ, ಜಾಸ್ತಿ ಬಿಗೀಬೇಕು. ಇನ್ನೇನೂ ಇಲ್ಲ. ನನಗೆ ಭುಜದ ನೋವು, ರಾತ್ರಿ ಹೊತ್ಕೊಂಡು ತಿರುಗೋಕೆ ಆಗಲ್ಲ. ಇಲ್ಲಿ ಹೆದ್ದಾರಿ ದೀಪದಲ್ಲಿ ಧ್ರುವಾನೂ ಕಾಣಲ್ಲ."

ನಾನು ಬರೆದುಕೊಂಡು ಹೋಗಿದ್ದನ್ನು ಕೇಳಿದೆ. ಇದರ ತಳ ನಮ್ಮ ಕಡೆಯ ಧ್ರುವದ ಎತ್ತರಕ್ಕೆ, ಅಂದರೆ ಹದಿಮೂರು ಡಿಗ್ರಿಯವರೆಗೆ, ಬಗ್ಗುತ್ತದೆಯೇ? ಅಷ್ಟು ಬಗ್ಗಿದಾಗ ಸ್ಟ್ಯಾಂಡಿನ ಕಾಲು ಅಡ್ಡ ಬರುವುದಿಲ್ಲವೇ? ಒಂದು ಸಲ ಚಾರ್ಜು ಮಾಡಿದರೆ ಎಷ್ಟು ಹೊತ್ತು ಓಡುತ್ತದೆ? ಆಮೇಲೆ ಚಾಲೂ ಮಾಡಿಸಿ ಅದಕ್ಕೆ ಕಿವಿಯಿಟ್ಟೆ. ಒಂದೇ ಸಮನಾದ ಸಣ್ಣ ಗುಯ್ಗುಡಿಕೆ, ಎಲ್ಲೂ ಎಡವಲಿಲ್ಲ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಫೋಟೋ ತೆಗೆಯೋರು ನೀವಾ?"

"ತಗಿಯೋನು ನಾನು ಸಾರ್, ಆರ್ಸೋಳು ಇವ್ಳು" ಎಂದರು ನಮ್ಮನೆಯವರು. ಆಮೇಲೆ ನನ್ನ ಕಣ್ಣಿನ ವಿಷಯ ಹೇಳಿದರು.

ಲೆಕ್ಚರರು ಅಯ್ಯೋ ಪಾಪ ಅನ್ನಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಒಳಗೆ ಹೋಗಿ ಕಬ್ಬಿಣ ಉಜ್ಜುವ ಒಂದು ಸಣ್ಣ ಅರ ತಂದರು. ಟ್ರ್ಯಾಕರಿನ ತಳದಲ್ಲಿ ಡಿಗ್ರಿಯ ಗೆರೆಗಳಿರುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹದಿಮೂರಕ್ಕೆ ಕೂದಲೆಳೆಯಷ್ಟು ಹಿಂದೆ, ಎರಡೇ ಉಜ್ಜಿಗೆ, ಒಂದು ಗೀರು ಮಾಡಿದರು. ನನ್ನ ಹೆಬ್ಬೆರಳ ಉಗುರನ್ನು ಅದರ ಮೇಲಿಡಿಸಿ, "ಸಿಕ್ತಾ ಅಮ್ಮಾ? ನಿಮ್ಮ ಊರಿಗೆ ಇದೇ ಎತ್ತರ. ಕತ್ತಲಲ್ಲಿ ಟಾರ್ಚು ಬೇಡ. ಇದನ್ನ ನೀವೇ ಕೂರಿಸಿಕೊಡಿ, ಎಡ ಬಲ ಮಾತ್ರ ಅವರು ನೋಡ್ಕೊಳ್ಳಲಿ" ಎಂದರು.

ವಾಪಸು ಬರುವಾಗ ಬಸ್ಸು ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತಿತ್ತು. ಟವೆಲು ಸುತ್ತಿದ ಯಂತ್ರ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಉಗುರು ಆ ಗೀರನ್ನು ಹುಡುಕುತ್ತಲೇ ಇತ್ತು.

ಮಳೆಗಾಲ ಕಳೆದು ಮೃಗಶಿರ ಮತ್ತೆ ಸಂಜೆಗೆ ಬಂದಾಗ ಅದೇ ಹೊಲಕ್ಕೆ ಹೋದೆವು; ಮೋಟಾರಿನ ಮೊದಲ ಸಂಜೆ ಎಲ್ಲ ಸಲೀಸಾಗಿ ನಡೆಯಿತು. ಎತ್ತರ ಕೂರಿಸಿಕೊಟ್ಟೆ. ಅವರು ಕೊಳವೆಯಲ್ಲಿ ಧ್ರುವನನ್ನು ಹಿಡಿದರು. ಗುಂಡಿ ಒತ್ತಿದರು. ಅಷ್ಟೇ. ನಾಲ್ಕು ನಿಮಿಷದ ಚಿತ್ರ, ಒಂದರ ಹಿಂದೆ ಒಂದು, ತಾನೇ ತೆಗೆಯುತ್ತಾ ಹೋಯಿತು. ನಾನು ಚಾಪೆಯ ಮೇಲೆ ಕೈಕಟ್ಟಿ ಕೂತಿದ್ದೆ. ಬೆರಳುಗಳು ಸುಮ್ಮನಿರಲಾರದೆ ಸೆರಗಿನ ಅಂಚು ತಿರುಗಿಸುತ್ತಿದ್ದವು.

"ಯಾಕೆ ಸಪ್ಗಿದೀಯ?" ಎಂದರು.

"ಕೆಲ್ಸ ಇಲ್ವಲ್ಲ."

ಅವರು ಬಂದು ಪಕ್ಕದಲ್ಲಿ ಕೂತರು. "ಅಂಗಾರೆ ಮಾತಾಡು. ಈಗ ಎಣ್ಕೆ ತಪ್ಪಾದು ಏನೂ ಇಲ್ವಲ್ಲ."

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅವರಿಗೆ ರಾತ್ರಿಯೆಲ್ಲ ಆರತಕ್ಷತೆ, ನನಗೆ ಹಗಲೆಲ್ಲ ಕಛೇರಿ. ಎರಡು ತಾಸು ಸುಮ್ಮನೆ ಪಕ್ಕ ಪಕ್ಕ ಕೂತು ಮಾತಾಡಿದ್ದು ನೆನಪಿರಲಿಲ್ಲ. ಆವತ್ತು ಮಾತಾಡಿದೆವು. ನೋಟ ಪೂರ್ತಿ ಮುಚ್ಚಿಕೊಳ್ಳುವ ದಿನ ಬಂದರೆ ಏನು ಮಾಡುವುದು ಎಂಬ, ನಾನು ಯಾರ ಹತ್ತಿರವೂ ಬಾಯಿಬಿಡದ ಭಯವನ್ನು ಹೇಳಿದೆ. ಅವರು ಸಮಾಧಾನ ಹೇಳಲು ಹೋಗಲಿಲ್ಲ. "ನಂಗೂ ಭಯ ಆಯ್ತದೆ ಕಣೇ" ಎಂದರು. ಇಬ್ಬರಿಗೂ ಇದೆ ಎಂದ ಮೇಲೆ ನನ್ನ ಪಾಲಿನದು ಸ್ವಲ್ಪ ಹಗುರಾಯಿತು.

ಆ ಸಂಜೆಯ ಚಿತ್ರಗಳನ್ನೆಲ್ಲ ಕೂಡಿಸಿ ಅವರು ಒಂದು ಮಾಡಿದರು. ನನಗೆ ಹೇಳದೆ ಅದನ್ನು ನಾಲ್ಕಡಿ ಅಗಲಕ್ಕೆ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟುಡಿಯೋಗೆ ಕರೆಸಿದರು. ಬಟ್ಟೆ ಸರಿಸಿ, "ನೋಡು" ಎಂದರು.

ನೋಡಿದೆ. ಬಲಗಡೆ ಒಂದಿಷ್ಟು ಚುಕ್ಕಿ, ಕತ್ತು ತಿರುಗಿಸಿದರೆ ಎಡಗಡೆ ಒಂದಿಷ್ಟು. ಮೂರು ಚುಕ್ಕಿಯ ಸಾಲು ಸಿಕ್ಕಿದಾಗ ಕೆಂಪು ಮಬ್ಬು ತಪ್ಪಿತು. ಚೆನ್ನಾಗಿದೆ ಎಂದು ಸುಳ್ಳು ಹೇಳಬಹುದಿತ್ತು. ಅವರು ಮುಖವನ್ನೇ ನೋಡುತ್ತಿದ್ದರು, ಆಗಲಿಲ್ಲ.

"ಪೂರ್ತಿ ಒಟ್ಟಿಗೆ ಕಾಣಲ್ಲ. ಕೈ ಚಾಚ್ದಷ್ಟು ದೂರ್ದಲ್ಲಿ ನಂಗೆ ಕಾಣೋದು ಒಂದು ಪೂರಿ ಅಗಲ ಅಷ್ಟೇ. ದೂರ ಓದ್ರೆ ಜಾಸ್ತಿ ಹಿಡೀತದೆ" ಎಂದೆ.

"ಅಷ್ಟೇ ತಾನೇ? ಹಿಂದುಕ್ಕೋಗು" ಎಂದರು.

ಹಿಂದಕ್ಕೆ ಹೋದೆ. ಗೋಡೆ ಬಂತು. ಅವರು ಚೌಕಟ್ಟನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತರು. ನಾನು ಮೆಟ್ಟಿಲಿಳಿದು ಫುಟ್‌ಪಾತಿಗೆ ಹೋದೆ. ಇನ್ನೂ ಅಂಚು ಕತ್ತರಿಸಿಹೋಗುತ್ತಿತ್ತು. "ಮೋರಿ ಐತೆ, ಉಷಾರು!" ಎಂದು ಕೂಗಿದರು. ತಿರುಗಿ, ಎರಡೂ ಕಡೆ ನೋಡಿ, ರಸ್ತೆ ದಾಟಿ, ಎದುರಿನ ಬೇಕರಿಯ ಮೆಟ್ಟಿಲು ಹತ್ತಿದೆ. ತಿರುಗುವಷ್ಟರಲ್ಲಿ ಬೆಂಗಳೂರಿನ ಬಸ್ಸೊಂದು ಅಡ್ಡ ಬಂದು ನಿಂತುಕೊಂಡಿತು.

"ಏನ್ ನೋಡ್ತಾ ಇದೀರಾ ಮೇಡಂ?" ಎಂದ ಬೇಕರಿಯವನು.

"ಚುಕ್ಕಿ" ಎಂದೆ. ಅವನು ಮಟಮಟ ಮಧ್ಯಾಹ್ನದ ಆಕಾಶವನ್ನೊಮ್ಮೆ ನೋಡಿದ.

ಬಸ್ಸು ಹೋಯಿತು. ಸ್ಟುಡಿಯೋ ಬಾಗಿಲಲ್ಲಿ ನಮ್ಮನೆಯವರು ಚೌಕಟ್ಟನ್ನು ಎದೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಿದ್ದರು. ಇಡೀ ಆಕಾಶ, ನಾಲ್ಕು ಅಂಚೂ ಸಮೇತ, ಒಂದೇ ಸಲಕ್ಕೆ ನನ್ನ ಕಣ್ಣೊಳಗೆ ಬಂದು ಕೂತಿತು. ನಡುವೆ ಮೂರು ಚುಕ್ಕಿಯ ಸಾಲು, ಕೆಳಗೆ ಕೆಂಪು ಮಬ್ಬು, ಮೇಲೆ ಎರಡು ಭುಜ, ಕೆಳಗೆ ಎರಡು ಪಾದ. ಅದಕ್ಕೊಂದು ಬೇಟೆಗಾರನ ಆಕಾರವಿದೆ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ನಿಜವಾಗಿಯೂ ಇತ್ತು.

"ಕಾಣ್ತಾ?" ರಸ್ತೆಯ ಆಚೆಯಿಂದ ಕೂಗಿದರು.

ಚೌಕಟ್ಟು ಭಾರವಿತ್ತು. ಅವರ ತೋಳು ನಡುಗಿ ಚುಕ್ಕಿಗಳೆಲ್ಲ ಮೆಲ್ಲಗೆ ಅಲುಗುತ್ತಿದ್ದವು. ಹೂಂ ಎಂದರೆ ಇಳಿಸಿಬಿಡುತ್ತಾರೆ ಎಂದು, ಇನ್ನೂ ಒಂಚೂರು ಹೊತ್ತು ಏನೂ ಹೇಳದೆ ನಿಂತಿದ್ದೆ.